ಓಣಿಯ ತಕರಾರು, ಪಂಚಾಯತಿಯ ಅರ್ಜಿ
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ದಿನ ಇದು. ನನಗಿಂತ ಮೊದಲು ಮಾತನಾಡಿದವರು ಬೀಜ, ಗೊಬ್ಬರ, ಸಾಲ, ವಸೂಲಿ ಎಲ್ಲವನ್ನೂ ಚೆನ್ನಾಗಿ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಭಾಷಣ ಮಾಡುವುದು ನನ್ನ ಕಸುಬಲ್ಲ. ಆದರೆ ನಿರ್ದೇಶಕನಾಗಿ ಸಾಲದ ಅರ್ಜಿ ನೋಡುವಾಗ, ವಸೂಲಿಗೆ ಮನೆ ಮನೆ ಅಡ್ಡಾಡುವಾಗ ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಅದು ನಮ್ಮ ಓಣಿಗಳಲ್ಲಿ ನಡೆಯುವ ಜಾಗದ ತಕರಾರು, ಮತ್ತು ಅದನ್ನು ಪಂಚಾಯತಿಗೆ ಒಯ್ಯುವ ರೀತಿ.

"ಸೊಸೈಟಿಗೂ ಗಟಾರಕ್ಕೂ ಏನ್ ಸಂಬಂಧ ಐತ್ರಿ?" ಎಂದು ಯಾರಾದರೂ ಕೇಳಬಹುದು. ಸಂಬಂಧ ಬಹಳ ಇದೆ. ಮಳೆ ಆಗಿರುತ್ತದೆ, ಗೋವಿನಜೋಳ ಬಂದಿರುತ್ತದೆ, ರೇಟೂ ಸಿಕ್ಕಿರುತ್ತದೆ. ಆದರೂ ಕಂತು ಬಂದಿರುವುದಿಲ್ಲ. ಯಾಕಪ್ಪಾ ಎಂದರೆ, "ಕೇಸ್ ನಡದೈತ್ರಿ ಕಾಕಾ" ಎನ್ನುತ್ತಾರೆ. ಎರಡು ಅಡಿ ಹಿತ್ತಲ ಜಾಗಕ್ಕೆ, ಒಂದು ಬಚ್ಚಲ ನೀರಿನ ಕಾಲುವೆಗೆ ವರ್ಷಗಟ್ಟಲೆ ಕೇಸು. ಬೆಳೆಸಾಲ ಗೊಬ್ಬರಕ್ಕೆ ಹೋಗದೆ ವಕೀಲರ ಫೀಜಿಗೆ ಹೋಗುತ್ತದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಹಕಾರಿ ಸಂಘ ಕಟ್ಟಿದ್ದು ರೈತ ಸಾಲದ ಉರುಲಿನಿಂದ ಪಾರಾಗಲಿ ಎಂದು. ಆ ಊರು ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು, ಈಗ ಗದಗ ಜಿಲ್ಲೆಯಲ್ಲಿದೆ. ಸಾಹುಕಾರನ ಬಾಯಿಂದ ಬಿಡಿಸಿಕೊಂಡ ದುಡ್ಡನ್ನು ನಾವು ಕೋರ್ಟಿನ ಮೆಟ್ಟಿಲಿಗೆ ಸುರಿದರೆ ಸಹಕಾರದಿಂದ ಏನು ಉಪಯೋಗವಾದಂತಾಯಿತು?

ಈ ತಕರಾರುಗಳು ಹೇಗೆ ಹುಟ್ಟುತ್ತವೆ ಎಂಬುದು ನಿಮಗೆಲ್ಲ ಗೊತ್ತು. ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಕಟ್ಟೆ ಒಂದು ಅಡಿ ಮುಂದೆ ಬರುತ್ತದೆ. ಕಟ್ಟೆಯ ಮುಂದೆ ಪಾವಟಿಗೆ. ಪಾವಟಿಗೆ ಮುಂದೆ ದನ ಕಟ್ಟಲು ಗೂಟ. ಗೂಟಕ್ಕೆ ನೆರಳು ಬೇಕೆಂದು ಪತ್ರಾಸಿನ ಶೆಡ್. ಎದುರಿನವನು ಸುಮ್ಮನಿರುತ್ತಾನೇನು? ಅವನೂ ತನ್ನ ತಿಪ್ಪೆಯನ್ನು ರಸ್ತೆಗೆ ಸರಿಸುತ್ತಾನೆ. ಚಕ್ಕಡಿ ಹೋಗುತ್ತಿದ್ದ ಓಣಿಯಲ್ಲಿ ಆಮೇಲೆ ಸೈಕಲ್ ಮೋಟರು ಹೋಗುವುದೂ ಕಷ್ಟ. ಹೆರಿಗೆ ಬೇನೆ ಬಂದ ಹೆಣ್ಣುಮಗಳನ್ನು ಹೊರಸಿನ ಮೇಲೆ ಹೊತ್ತು ದೊಡ್ಡ ರಸ್ತೆಗೆ ತರಬೇಕು, ಯಾಕೆಂದರೆ 108 ಗಾಡಿ ಓಣಿಯ ಬಾಯಿಗೇ ನಿಲ್ಲುತ್ತದೆ. ಹೆಣ ಹೊತ್ತವರು ಮೂಲೆಯಲ್ಲಿ ತಿರುಗಲಾರದೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಎರಡು ಅಡಿ ಅಂದರೆ ಸಣ್ಣ ಮಾತಲ್ಲ.

ಹಾಗಾದರೆ ಏನು ಮಾಡಬೇಕು? ಸುಮ್ಮನೆ ಸಹಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬಡಿದಾಡಿ ಎಂದೂ ಹೇಳುವುದಿಲ್ಲ. ಮೊದಲು ಆ ಮನೆಯವರ ಹತ್ತಿರ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಮಾತಾಡಿರಿ. ಅದೂ ಅಡಿಪಾಯ ಅಗೆಯುವಾಗಲೇ ಹೋಗಬೇಕು, ಸ್ಲ್ಯಾಬ್ ಬಿದ್ದ ಮೇಲೆ ಅಲ್ಲ. ಅದರಿಂದ ಬಗೆಹರಿಯದಿದ್ದರೆ ಕಾಗದದ ಮೇಲೆ ಅರ್ಜಿ ಬರೆಯಿರಿ, ಮತ್ತು ಯಾವ ಬಾಗಿಲಿಗೆ ಹೋಗಬೇಕೋ ಆ ಬಾಗಿಲಿಗೆ ಹೋಗಿರಿ. ನಮ್ಮ ಜನ ಸೋಲುವುದು ಇಲ್ಲೇ. ಪಂಚಾಯತಿಗೆ ಹೋಗಬೇಕಾದವರು ಪೊಲೀಸ್ ಸ್ಟೇಶನ್ನಿಗೆ ಹೋಗುತ್ತಾರೆ, ಮೋಜಣಿಗೆ ಅರ್ಜಿ ಹಾಕಬೇಕಾದವರು ಪಂಚಾಯತಿಯಲ್ಲಿ ಕೂಗಾಡುತ್ತಾರೆ. ಆದ್ದರಿಂದ ನಾಲ್ಕು ಬಾಗಿಲು ನೆನಪಿಡಿ.

ಮೊದಲನೆಯದು ಗ್ರಾಮ ಪಂಚಾಯತಿ. ಜಾಗ ಎಲ್ಲರದು ಆಗಿದ್ದರೆ, ಅಂದರೆ ಊರ ರಸ್ತೆ, ಸಂದಿ, ಗಟಾರ, ಬಾವಿಯ ಸುತ್ತಲಿನ ಜಾಗ, ಇವುಗಳ ದೂರು ಪಂಚಾಯತಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ರಸ್ತೆಯ ಮೇಲಿನ ಅಡೆತಡೆ, ಅತಿಕ್ರಮಣ ತೆಗೆಸುವ ಅಧಿಕಾರ ಪಂಚಾಯತಿಗೆ ಇದೆ. ಮನೆ ಕಟ್ಟಲು ಪರವಾನಿಗೆ ಕೊಡುವವರೂ ಅವರೇ. ಚರಂಡಿ ಕಟ್ಟಿದ್ದು, ಕೊಳಚೆ ನಿಂತಿದ್ದು, ತಿಪ್ಪೆ ರಸ್ತೆಗೆ ಬಂದದ್ದು ಕೂಡ ಅವರಿಗೇ ಹೇಳುವಂಥಾದ್ದು.

ಎರಡನೆಯದು ಕಲಘಟಗಿಯ ತಹಶೀಲ್ದಾರ ಕಚೇರಿ ಮತ್ತು ಮೋಜಣಿ ಇಲಾಖೆ. ಹೊಲದ ಬಾಂದಕಲ್ಲು ಸರಿದಿದ್ದರೆ, ನಕಾಶೆಯಲ್ಲಿರುವ ಬಂಡಿದಾರಿ ಮುಚ್ಚಿದ್ದರೆ, ಗಾಯರಾಣ ಅಥವಾ ಕೆರೆಯ ಜಾಗ ಒತ್ತುವರಿ ಆಗಿದ್ದರೆ ಅಲ್ಲಿಗೆ. ಹೊಲಕ್ಕೆ ಹದ್ದುಬಸ್ತು ಮಾಡಿಸಲು ಫೀ ತುಂಬಿ ಅರ್ಜಿ ಹಾಕಿದರೆ ಭೂಮಾಪಕರು ಬಂದು ಅಳೆದು ಕೊಡುತ್ತಾರೆ. ಆಗ ಬಾಜೂ ಹೊಲದವರಿಗೂ ನೋಟೀಸು ಮುಟ್ಟಿರಬೇಕು. ಅವರು ಇಲ್ಲದಾಗ ಅಳೆಸಿದ್ದು ಮತ್ತೊಂದು ಜಗಳಕ್ಕೆ ಬೀಜ ಹಾಕಿದಂತೆ.

ಮೂರನೆಯದು ಸಿವಿಲ್ ಕೋರ್ಟು. ಇಬ್ಬರು ಖಾಸಗಿಯವರ ನಡುವೆ "ಈ ಜಾಗ ನನ್ನದು, ನಿನ್ನದಲ್ಲ" ಎಂಬ ಮಾಲಕಿ ಹಕ್ಕಿನ ಪ್ರಶ್ನೆ ಇದ್ದರೆ ಪಂಚಾಯತಿ ಅದನ್ನು ತೀರ್ಮಾನಿಸಲಾರದು. ಅಣ್ಣ-ತಮ್ಮಂದಿರ ವಾಟಣಿಯೂ ಹಾಗೆಯೇ. ಅದಕ್ಕಾಗಿ ಪಂಚಾಯತಿ ಮೆಂಬರನ್ನು ಬೈದು ಉಪಯೋಗವಿಲ್ಲ. ಆದರೆ ಕೋರ್ಟಿನಲ್ಲೂ ಲೋಕ ಅದಾಲತ್ ಇದೆ. ಅಲ್ಲಿ ಇಬ್ಬರೂ ಒಪ್ಪಿ ರಾಜಿ ಆದರೆ ಅದೇ ಡಿಕ್ರಿ, ಅದರ ಮೇಲೆ ಅಪೀಲಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. 2008ರಲ್ಲಿ ಹೈಕೋರ್ಟ್ ಪೀಠ ಧಾರವಾಡಕ್ಕೇ ಬಂತು, ನಮಗೆ ಬೆಂಗಳೂರ ದಾರಿ ತಪ್ಪಿತು. ಅದು ಒಳ್ಳೆಯದೇ. ಆದರೆ ಹತ್ತಿರ ಬಂತೆಂದು ಗಟಾರದ ಜಗಳವನ್ನು ಅಲ್ಲಿಯತನಕ ಒಯ್ಯಬೇಕಾಗಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾಲ್ಕನೆಯದು ಪೊಲೀಸ್ ಠಾಣೆ. ಹೊಡೆದಾಟ, ಜೀವ ಬೆದರಿಕೆ ಆದರೆ ಮಾತ್ರ ಅಲ್ಲಿಗೆ. ಗೋಡೆ ಎಲ್ಲಿ ಇರಬೇಕು ಎಂದು ಫೌಜದಾರರು ತೀರ್ಮಾನ ಮಾಡುವುದಿಲ್ಲ.

ಇನ್ನು ಅರ್ಜಿ ಬರೆಯುವ ವಿಷಯ. ಬೇರೊಂದು ಊರಿನಲ್ಲಿ ನಮ್ಮ ಸಂಬಂಧದ ದೊಡ್ಡವ್ವ ಒಬ್ಬರಿದ್ದಾರೆ. ಊರ ಹೆಸರು ಬೇಡ. ಗಂಡ ಇಲ್ಲ, ಮಗ ದುಡಿಯಲು ಗೋವಾಕ್ಕೆ ಹೋಗಿದ್ದಾನೆ. ಮೇಲಿನ ಮನೆಯವರು ಕಟ್ಟೆ ಎತ್ತರಿಸಿ ಪಾವಟಿಗೆ ಹಾಕಿದಾಗ ಗಟಾರ ಮುಚ್ಚಿತು. ಮಳೆಗಾಲದಲ್ಲಿ ಓಣಿಯ ನೀರೆಲ್ಲ ದೊಡ್ಡವ್ವನ ಪಡಸಾಲೆಗೆ. ಜೋಳದ ಚೀಲ ತೊಯ್ದವು, ಮಣ್ಣಿನ ಗೋಡೆ ಬುಡ ಬಿಟ್ಟಿತು. ಅವರು ಯಾರ ಕೈಲೋ ಮೂರು ಪುಟದ ಅರ್ಜಿ ಬರೆಸಿ ಕೊಟ್ಟರು. ಅದರಲ್ಲಿ ಏನಿತ್ತು? ಆ ಮನೆಯವರ ಅಜ್ಜ ಹೇಗಿದ್ದ, ತನ್ನ ಲಗ್ನದಾಗ ಅವರು ಏನಂದರು, ಹೋಳಿ ಹುಣ್ಣಿವಿಗೆ ಯಾರು ಬೈದರು, ಎಲ್ಲ ಇತ್ತು. ಗಟಾರದ ಮಾತು ಕೊನೆಯ ಎರಡು ಸಾಲಿನಲ್ಲಿ. ಆ ಅರ್ಜಿಯನ್ನು ಯಾರೂ ಪೂರ್ತಿ ಓದಲಿಲ್ಲ. ಅದರ ಸುದ್ದಿ ಮಾತ್ರ ಎದುರಿನವರಿಗೆ ಮುಟ್ಟಿ ಇದ್ದ ಮಾತೂ ನಿಂತಿತು.

ಎರಡನೇ ಸಲ ನಾನು ಮತ್ತು ಅಲ್ಲಿನ ಒಬ್ಬ ನಿವೃತ್ತ ಮಾಸ್ತರರು ಕೂಡಿ ಅರ್ಧ ಪುಟ ಬರೆದೆವು: "ನಮ್ಮ ಓಣಿಯ ಗಟಾರ ಇಂಥ ಮನೆಯಿಂದ ಇಂಥ ಮನೆಯವರೆಗೆ 40 ಅಡಿ ಇದೆ. ಅದರಲ್ಲಿ 6 ಅಡಿ ಪಾವಟಿಗೆ ಕೆಳಗೆ ಮುಚ್ಚಿದೆ. ಮಳೆನೀರು ಕೆಳಗಿನ ಮೂರು ಮನೆಗಳಿಗೆ ನುಗ್ಗುತ್ತದೆ. ದಯವಿಟ್ಟು ಸ್ಥಳ ಪರಿಶೀಲನೆ ಮಾಡಿ, ನೀರು ಹರಿಯುವಂತೆ ಮಾಡಿಕೊಡಬೇಕು." ಕೆಳಗೆ ಐದು ಮನೆಯವರ ಸಹಿ, ಜೊತೆಗೆ ಎರಡು ಫೋಟೋ. ಪಂಚಾಯತಿಯವರು ಬಂದರು, ಟೇಪು ಹಿಡಿದರು. ಪಾವಟಿಗೆ ಕೆಳಗೆ ಸಿಮೆಂಟ್ ಪೈಪು ಹಾಕಿದರೆ ಸಾಕು ಎಂದು ತೀರ್ಮಾನವಾಯಿತು. ಆ ಮನೆಯ ಯಜಮಾನರೇ, "ಪೈಪ್ ಹಾಕಿದ್ರ ನನ್ನ ಕಟ್ಟಿ ಉಳಿತೈತಿ ಅಂದ್ರ ಮೊದಲ ಹೇಳಬಾರದಾಗಿತ್ತೇನ್ರಬೇ" ಎಂದರು. ಅವರನ್ನು ಯಾರೂ ಅಲ್ಲಿಯತನಕ ಹಾಗೆ ಕೇಳಿರಲೇ ಇಲ್ಲ.

ಬಾಂಧವರೆ, ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ. ಅರ್ಜಿ ಜಾಗದ ಮೇಲೆ ಇರಲಿ, ಮನುಷ್ಯನ ಮೇಲೆ ಬೇಡ. ಎಷ್ಟು ಅಡಿ, ಎಲ್ಲಿಂದ ಎಲ್ಲಿಗೆ, ಯಾವಾಗಿನಿಂದ, ಯಾರಿಗೆ ತ್ರಾಸು, ಏನು ಆಗಬೇಕು, ಈ ಐದು ಸಂಗತಿ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಿಕ್ಕಾ ಮತ್ತು ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಸಕಾಲ ಕಾಯ್ದೆ 2012ರಿಂದ ರಾಜ್ಯದ ತುಂಬ ಜಾರಿಯಲ್ಲಿದೆ. ಅದರಲ್ಲಿ ಬರುವ ಸೇವೆಯಾದರೆ ಸಕಾಲ ನಂಬರಿನ ಚೀಟಿ ಕೇಳಿ ಪಡೆಯಿರಿ. ಅರ್ಜಿ ಏನಾಯಿತೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಅಷ್ಟಕ್ಕೂ ಕೆಲಸ ಆಗದಿದ್ದರೆ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹಳೇ ಅರ್ಜಿಯ ನಕಲು ಹಚ್ಚಿ ಬರೆಯಿರಿ. ಶಿಕ್ಕಾ ಇದ್ದ ನಕಲು ಇದ್ದವನ ಮಾತು ಎಲ್ಲಿ ಹೋದರೂ ನಿಲ್ಲುತ್ತದೆ.

ಇನ್ನೊಂದು ಬಲ ನಮ್ಮ ಕೈಯಲ್ಲಿದೆ, ಅದು ಗ್ರಾಮಸಭೆ. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ನಾವು ಮನೆ ಕೊಡುತ್ತಾರೆ ಎಂದರೆ ಹೋಗುತ್ತೇವೆ, ಇಲ್ಲದಿದ್ದರೆ ಹೊಲಕ್ಕೆ ಹೋಗುತ್ತೇವೆ. ಓಣಿಯ ಹತ್ತು ಮನೆಯವರು ಕೂಡಿ ಹೋಗಿ, ದೂರನ್ನು ಹೇಳಿ, ಅದನ್ನು ಠರಾವು ಪುಸ್ತಕದಲ್ಲಿ ಬರೆಸಿರಿ. ಬರೆದದ್ದನ್ನು ಓದಿ ಹೇಳಿಸಿರಿ.

ಠರಾವಿನ ಬೆಲೆ ಏನೆಂಬುದಕ್ಕೆ ನಮ್ಮ ಹಳೇ ಧಾರವಾಡ ಜಿಲ್ಲೆಯದೇ ಉದಾಹರಣೆ ಇದೆ. 1984ರಲ್ಲಿ ಊರುಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ದನ ಮೇಯುವ ಜಾಗ, ಕಟ್ಟಿಗೆ ತರುವ ಜಾಗ ಹೋಯಿತೆಂದು ಜನ ಎದ್ದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ರೈತರನ್ನು ಕೂಡಿಸಿಕೊಂಡು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಜನರಿಗೆ ಉಪಯೋಗದ ಸಸಿ ಹಚ್ಚಿದರು. ಆ ಭಾಗದ ಮಂಡಲ ಪಂಚಾಯತಿಗಳೂ ಒಪ್ಪಂದ ರದ್ದು ಮಾಡಿ ಎಂದು ಒತ್ತಾಯಿಸಿದವು. ಶಿವರಾಮ ಕಾರಂತರಂಥವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1991ರಲ್ಲಿ ಸರಕಾರ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜನ, ಪಂಚಾಯತಿ, ಕಾಗದ ಮೂರೂ ಕೂಡಿದ್ದರಿಂದ ಇದು ಆಯಿತು.

2011ರ ಜನವರಿ 28ರಂದು ಸುಪ್ರೀಂ ಕೋರ್ಟು ಪಂಜಾಬದ ಒಂದು ಹಳ್ಳಿಯ ಹೊಂಡದ ವಿಷಯದಲ್ಲಿ ದೊಡ್ಡ ತೀರ್ಪು ಕೊಟ್ಟಿದೆ. ಊರ ಹೊಂಡ ತುಂಬಿಸಿ ಮನೆ ಕಟ್ಟಿದವರಿಗೆ, ಖರ್ಚು ಎಷ್ಟೇ ಆಗಿರಲಿ, ಜಾಗ ಬಿಡಬೇಕೆಂದಿತು. ಎಲ್ಲ ರಾಜ್ಯಗಳೂ ಇಂಥ ಊರಜಾಗ ಬಿಡಿಸಿ ಪಂಚಾಯತಿಗೆ ಒಪ್ಪಿಸಲು ಯೋಜನೆ ಮಾಡಬೇಕೆಂದಿತು. ಭೂಮಿ ಇಲ್ಲದ ಕೂಲಿಯವರಿಗೆ, ಪರಿಶಿಷ್ಟರಿಗೆ ಸರಕಾರವೇ ಕೊಟ್ಟ ಜಾಗದಂಥ ಪ್ರಕರಣಗಳನ್ನು ಮಾತ್ರ ಬೇರೆಯಾಗಿ ನೋಡಬಹುದು ಎಂದೂ ಹೇಳಿತು. ಇದನ್ನು ನೆನಪಿಡಬೇಕು. ಬಡವನ ಗುಡಿಸಲಿಗೆ ಮಾತ್ರ ಅರ್ಜಿ ಹಾಕಿ, ದೊಡ್ಡವರ ಕಂಪೌಂಡಿಗೆ ಕಣ್ಣು ಮುಚ್ಚಿದರೆ ಅದು ನ್ಯಾಯವಲ್ಲ.

ದಾಖಲೆಯ ವಿಷಯ ಎರಡು ಮಾತು. ಪಂಚಾಯತಿ ಉತಾರ ಕರ ತುಂಬಲಿಕ್ಕೆ ಇರುವ ದಾಖಲೆ. ಅದೊಂದೇ ಮಾಲಕಿಯನ್ನು ಸಿದ್ಧ ಮಾಡುವುದಿಲ್ಲ. ಖರೇದಿ ಪತ್ರ, ವಾಟಣಿ ಪತ್ರ ಜೋಪಾನ ಮಾಡಿರಿ. ಇ-ಸ್ವತ್ತು ಉತಾರ ತೆಗೆಸುವಾಗ ಉದ್ದ, ಅಗಲ, ಚಕ್ಕಬಂದಿ ನಾಲ್ಕೂ ದಿಕ್ಕು ಓದಿ ನೋಡಿರಿ. ತಪ್ಪಿದ್ದರೆ ಅಂದೇ ಹೇಳಿರಿ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗಾಂವಠಾಣದ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯುತ್ತಾರೆ. ಅದಕ್ಕೂ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆ ಎಳೆಯುವಾಗ ಎರಡೂ ಮನೆಯವರು ನಿಂತಿರಬೇಕು. ಊರಿಗೆ ಹೋಗಿದ್ದೆ, ಸಂತಿಗೆ ಹೋಗಿದ್ದೆ ಎಂದು ಆಮೇಲೆ ಹೇಳಿದರೆ ತಕರಾರು ಮತ್ತೆ ಮೊಮ್ಮಕ್ಕಳ ತಲೆಗೆ ಬೀಳುತ್ತದೆ.

ಪಂಚಾಯತಿ ಮೆಂಬರರಿಗೂ ಒಂದು ವಿನಂತಿ. ನಿಮಗೆ ಓಟು ಹಾಕಿದವರು ಯಾರು, ಹಾಕದವರು ಯಾರು ಎಂದು ನೋಡಿ ಟೇಪು ಹಿಡಿಯಬೇಡಿ. ಓಣಿ ಅಳೆಯುವಾಗ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎಲ್ಲರ ಮನೆ ಮುಂದೂ ಅಳೆಯಿರಿ. ಎಲ್ಲರದೂ ತೆಗೆದರೆ ಯಾರಿಗೂ ಅವಮಾನವಿಲ್ಲ, ಒಬ್ಬನದೇ ತೆಗೆದರೆ ಅದು ವೈರ.

ಕೊನೆಯದಾಗಿ ನಮ್ಮ ಆಡಳಿತ ಮಂಡಳಿಗೆ ಒಂದು ಸೂಚನೆ ಇಡುತ್ತೇನೆ. ಈ ರಜತ ಮಹೋತ್ಸವದ ನೆನಪಿಗೆ ಸಂಘದ ಕಚೇರಿಯಲ್ಲಿ ಒಂದು ಉದ್ದನೆಯ ಟೇಪು, ಊರ ನಕಾಶೆಯ ಒಂದು ಪ್ರತಿ ಮತ್ತು ಅರ್ಜಿ ನಮೂನೆಗಳ ಒಂದು ಫೈಲು ಇಡೋಣ. ಓದು ಬಾರದ ಸದಸ್ಯರಿಗೆ, ಒಂಟಿ ಹೆಣ್ಣುಮಕ್ಕಳಿಗೆ ವಾರಕ್ಕೊಂದು ದಿನ ಪುಕ್ಕಟೆ ಅರ್ಜಿ ಬರೆದುಕೊಡಲು ಊರಿನ ಕಲಿತ ಹುಡುಗರು ಇಬ್ಬರು ಮುಂದೆ ಬರಲಿ. ಖರ್ಚು ಬಹಳ ಇಲ್ಲ. ಒಂದು ಕೇಸು ತಪ್ಪಿದರೂ ಒಬ್ಬ ಸದಸ್ಯನ ಸಾಲ ಸುಸ್ತಿಯಾಗದೆ ಉಳಿಯುತ್ತದೆ, ಎರಡು ಮನೆಯವರು ಒಬ್ಬರ ಲಗ್ನಕ್ಕೆ ಒಬ್ಬರು ಅಕ್ಕಿಕಾಳು ಹಾಕಲು ಬರುತ್ತಾರೆ.

ಊರ ಬಸವಣ್ಣ ನಮಗೆಲ್ಲ ಒಳ್ಳೆಯ ಬುದ್ಧಿ ಕೊಡಲಿ. 

ಜೈ ಸಹಕಾರ! ಜೈ ಕರ್ನಾಟಕ!