ಅರಿವೆಯಲ್ಲಿ ಉಳಿದದ್ದು, ಕೆರೆಗೆ ಹೋದದ್ದು

(ತೂಬಗೆರೆಯಲ್ಲಿ ಸೇರಿದ್ದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳೆ ಮತ್ತು ಮಣ್ಣಿನ ಬಗ್ಗೆ ಮಾತನಾಡಬೇಕಾದ ನಾನು ಇಂದು ಬಟ್ಟೆ ಒಗೆಯುವ ವಿಷಯವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣ ನಮ್ಮ ಮನೆಯ ಕೈತೋಟ. ಮನೆಗೆ ಒಗೆಯುವ ಯಂತ್ರ ಬಂದ ಮೇಲೆ ಅದರ ನೀರನ್ನು ಗೋರಿಕಾಯಿ ಪಾತಿಗೆ ತಿರುಗಿಸಿದ್ದೆವು. ಒಂದು ದಿನ ಆ ನೀರಿನಿಂದ ಹೂವಿನ ಪರಿಮಳ ಬರುತ್ತಿತ್ತು. ಬಟ್ಟೆಗೆಂದು ಹಣ ಕೊಟ್ಟು ತಂದ ಪರಿಮಳ ಪಾತಿಯಲ್ಲಿ ಹರಿಯುತ್ತಿತ್ತು. ಒಣಗಿದ ಟವೆಲಿನಲ್ಲಿ ಹುಡುಕಿದರೂ ಸಿಗಲಿಲ್ಲ. ನಾನು ಹೇಳಬೇಕಾದದ್ದೆಲ್ಲ ಈ ಸಣ್ಣ ಸಂಗತಿಯೊಳಗಿದೆ. ಅರಿವೆಯ ಮೇಲೆ ಉಳಿಯದೆ ಹೋದದ್ದೆಲ್ಲ ನೀರಿನ ಪಾಲಾಗುತ್ತದೆ.

ನಮ್ಮ ನೀರು ಎಲ್ಲಿಗೆ ಹೋಗುತ್ತದೆ? ಅರ್ಕಾವತಿ ಹುಟ್ಟುವುದು ನಮ್ಮ ನೆರೆಯ ನಂದಿಬೆಟ್ಟದ ಸಾಲಿನಲ್ಲಿ. ಅದು ಕೆರೆಯಿಂದ ಕೆರೆಗೆ ಇಳಿದು ದೊಡ್ಡಬಳ್ಳಾಪುರವನ್ನು ದಾಟಿ, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಗಳ ಮೂಲಕ ಸಾಗಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ನದಿ ಇದು. ಇಂದು ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯದಿಂದ ಕೆಟ್ಟ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗಾಗಿ ಅಲ್ಲಿನ ಜನ ಹೋರಾಡಬೇಕಾಗಿ ಬಂದಿದೆ. ಆ ಕೆಡುಕಿಗೆಲ್ಲ ಬಟ್ಟೆಯ ಪರಿಮಳದ್ರವವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರಿನಲ್ಲಿಯೇ ತೂಬು ಇರುವ ಊರಿನವರಾದ ನಾವು, ನಮ್ಮ ಮನೆಯ ಬಚ್ಚಲೂ ಒಂದು ತೂಬೆಂಬುದನ್ನು ಮರೆಯಬಾರದು.

ಹತ್ತಿಬಟ್ಟೆ ಏಕೆ ಬಿರುಸಾಗುತ್ತದೆ?

ಮೊದಲನೆಯ ಕಾರಣ ನಮ್ಮ ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗಿ ನೂಲಿಗೆ ಅಂಟಿಕೊಳ್ಳುತ್ತವೆ. ಎರಡನೆಯದು ಹತ್ತಿಯ ಗುಣವೇ. ಜಪಾನಿನ ಕಾವೊ ಸಂಸ್ಥೆ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ವಿವರಿಸುತ್ತದೆ. ಬಟ್ಟೆ ಒಣಗಿದಂತೆ ಕಂಡರೂ ಎಳೆಗಳ ಮೇಲ್ಮೈಯಲ್ಲಿ ಸ್ವಲ್ಪ ನೀರು ಬಂಧಿತವಾಗಿ ಉಳಿದಿರುತ್ತದೆ. ಅದು ಎಳೆಯಿಂದ ಎಳೆಗೆ ಅಂಟಿನಂತೆ ಸೇತುವೆ ಕಟ್ಟುತ್ತದೆ. ಒದ್ದೆ ಬಟ್ಟೆಯನ್ನು ಜಾಡಿಸಿ ಹರವುವ, ಒಣಗಿದ ಮೇಲೆ ಮತ್ತೊಮ್ಮೆ ಕೊಡವುವ ನಮ್ಮ ಹಿರಿಯರ ರೂಢಿ ಅರ್ಥಹೀನವಲ್ಲ. ಅಲುಗಾಟದಿಂದ ಆ ಸೇತುವೆಗಳು ಮುರಿಯುತ್ತವೆ.

ಮೃದುಕಾರಕ ದ್ರವದ ಕೆಲಸ ಹೀಗೆ. ನೀರಿನಲ್ಲಿ ಹತ್ತಿಯ ಎಳೆಗೆ ಋಣ ವಿದ್ಯುದಂಶವಿರುತ್ತದೆ. ದ್ರವದಲ್ಲಿರುವ ಕೊಬ್ಬಿನ ಅಣುಗಳಿಗೆ ಧನ ವಿದ್ಯುದಂಶವಿರುತ್ತದೆ. ಈ ಅಣುಗಳು ಕಣ್ಣಿಗೆ ಕಾಣದ ಪುಟ್ಟ ಚೀಲಗಳಾಗಿ ತೇಲುತ್ತ, ಸೆಳೆತದಿಂದ ಎಳೆಯನ್ನು ಹಿಡಿದು, ಅದರ ಮೇಲೆ ತೆಳುವಾದ ಜಿಡ್ಡಿನ ಪದರವಾಗುತ್ತವೆ. ಎಳೆ ಎಳೆಗೆ ಅಂಟುವುದಿಲ್ಲ, ಜಾರುತ್ತದೆ. ಅದೇ ಮೃದುತ್ವ. ಪರಿಮಳದ ತೈಲವೂ ಈ ಚೀಲಗಳ ಜೊತೆಯಲ್ಲಿಯೇ ಬಟ್ಟೆಯನ್ನು ತಲುಪಬೇಕು. ನೀರಿನಲ್ಲಿ ಬೆರೆಯುವ ಹಗುರ ಪರಿಮಳಗಳು ಕೊನೆಯ ನೀರಿನೊಡನೆ ಹೊರಟುಹೋಗುತ್ತವೆ. ಬೇಗ ಆವಿಯಾಗುವಂಥವು ಬಿಸಿಲಿಗೆ ಹಾರುತ್ತವೆ. ಶ್ರೀಗಂಧದಂತಹ ನಿಧಾನ ಪರಿಮಳಗಳು ಮಾತ್ರ ನಿಲ್ಲುತ್ತವೆ.

ಹಳೆಯ ದ್ರವಗಳಲ್ಲಿದ್ದ ಅಣುಗಳು ನೀರಿನಲ್ಲಿ ಬೇಗ ಕೊಳೆಯುತ್ತಿರಲಿಲ್ಲ, ಜಲಚರಗಳಿಗೆ ವಿಷವಾಗುತ್ತಿದ್ದವು. 1990ರ ದಶಕದ ಆರಂಭದಲ್ಲಿ ಯೂರೋಪಿನ ತಯಾರಕರು ಅವುಗಳನ್ನು ಕೈಬಿಟ್ಟು ಎಸ್ಟರ್‌ಕ್ವಾಟ್ ಎಂಬ ಅಣುಗಳಿಗೆ ಹೊರಳಿದರು. ಇವುಗಳಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಮುರಿಯಬಲ್ಲ ಒಂದು ಗೆಣ್ಣಿದೆ. ಇದು ನಿಜವಾದ ಸುಧಾರಣೆ. ಆದರೆ ಎಸ್ಟರ್‌ಕ್ವಾಟ್‌ಗಳಿಗೆ ಬೇಕಾದ ಕೊಬ್ಬು ಬಹುಮಟ್ಟಿಗೆ ತಾಳೆ ಎಣ್ಣೆಯದು. ಆ ತೋಟಗಳಿಗಾಗಿ ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಲ್ಲಿ ಕಡಿದ ಕಾಡು ಎಷ್ಟೆಂಬುದು ಕಾಡಿನ ಅಂಚಿನಲ್ಲಿ ಬದುಕುವ ನಮಗೆ ಅರ್ಥವಾಗಬೇಕು. ಪರಿಮಳವನ್ನು ನಿಲ್ಲಿಸಲು ತೈಲವನ್ನು ಸೂಕ್ಷ್ಮ ಪ್ಲಾಸ್ಟಿಕ್ ಕೋಶಗಳಲ್ಲಿ ತುಂಬುವ ಉಪಾಯವೂ ಬಂದಿತು. ಉಜ್ಜಿದಾಗ ಕೋಶ ಒಡೆದು ಪರಿಮಳ ಬರುತ್ತದೆ. ಕೋಶ ಎಲ್ಲಿ ಹೋಗುತ್ತದೆ? ಯೂರೋಪಿನ ಒಕ್ಕೂಟವು 2023ರಲ್ಲಿ ಇಂತಹ ಸೂಕ್ಷ್ಮ ಪ್ಲಾಸ್ಟಿಕ್‌ಗಳಿಗೆ ನಿರ್ಬಂಧ ಹೇರಿ, ಪರಿಮಳದ ಕೋಶಗಳಿಗೆ 2029ರ ಅಕ್ಟೋಬರ್‌ವರೆಗೆ ಗಡುವು ಕೊಟ್ಟಿದೆ.

ಗೋರಿಕಾಯಿಯ ಬೀಜ

ಈಗ ನಮ್ಮ ಕೈತೋಟಕ್ಕೆ ಮರಳೋಣ. ಗೋರಿಕಾಯಿಯ ಬೀಜದೊಳಗೆ ಗೌರ್ ಗೋಂದು ಇದೆ. ಜಗತ್ತಿಗೆ ಬೇಕಾದ ಗೌರ್‌ನಲ್ಲಿ ಸುಮಾರು ಶೇಕಡ 80ರಷ್ಟನ್ನು ಭಾರತವೇ ಬೆಳೆಯುತ್ತದೆ, ಅದರಲ್ಲಿಯೂ ರಾಜಸ್ಥಾನದ ಒಣನೆಲ. ಪ್ಯಾರಿಸ್‌ನಲ್ಲಿ ಬೆರೆ ಎಂಬ ಭೌತವಿಜ್ಞಾನಿ ಮತ್ತು ಸಂಗಡಿಗರು 2018ರ ಸುಮಾರಿಗೆ ಅಧ್ಯಯನ ಮಾಡಿದ್ದು ಈ ಗೋಂದು ಬೆರೆಸಿದ ಮೃದುಕಾರಕಗಳನ್ನು. ಸಾಂದ್ರ ದ್ರವಗಳಲ್ಲಿ ಸಾಮಾನ್ಯವಾಗಿ ಶೇಕಡ 10ರಿಂದ 15ರಷ್ಟು ಎಸ್ಟರ್‌ಕ್ವಾಟ್ ಇರುತ್ತದೆ. ಅದನ್ನು ಸುಮಾರು ಅರ್ಧಕ್ಕೆ ಇಳಿಸಿ, ಆ ಜಾಗದಲ್ಲಿ ಅತ್ಯಲ್ಪ ಗೌರ್ ಸೇರಿಸಿದರೂ ಮೃದುತ್ವ ಕುಂದದಂತೆ ದ್ರವವನ್ನು ತಯಾರಿಸಬಹುದು. ಧನ ಅಂಶವನ್ನು ಕೂಡಿಸಿದ ಗೌರ್‌ನ ಉದ್ದನೆಯ ಸರಪಳಿ ಚೀಲಗಳು ಎಳೆಯ ಮೇಲೆ ನೆಲೆನಿಲ್ಲಲು ನೆರವಾಗುತ್ತದೆ. ಚೀಲ ಚೆನ್ನಾಗಿ ನೆಲೆನಿಂತರೆ ಅದರೊಡನೆ ಬಂದ ಪರಿಮಳಕ್ಕೂ ಬಟ್ಟೆಯಲ್ಲಿ ಉಳಿಯುವ ಅವಕಾಶ ಹೆಚ್ಚು. ಬಟ್ಟೆಗೆ ಲಾಭವಾದದ್ದೇ ಕೆರೆಗೂ ಲಾಭ.

ಆದರೆ ರೈತಮಿತ್ರರಿಗೆ ಒಂದು ಎಚ್ಚರಿಕೆ. ಇದನ್ನು ಕೇಳಿ ನಾಳೆಯೇ ಗೌರ್ ಬಿತ್ತಲು ಹೊರಡಬೇಡಿ. ನಾವು ಬೆಳೆಯುವ ಪೂಸಾ ನವಬಹಾರ್‌ನಂತಹ ತಳಿಗಳು ಎಳೆಕಾಯಿಗಾಗಿ ಇರುವಂಥವು. ಗೋಂದಿನ ತಳಿಗಳು ಬೇರೆ. ಅಮೆರಿಕದ ಅನಿಲಬಾವಿಗಳ ಬೇಡಿಕೆಯಿಂದ 2011-12ರಲ್ಲಿ ಗೌರ್ ಬೆಲೆ ಆಕಾಶಕ್ಕೇರಿ ಮತ್ತೆ ಕುಸಿದದ್ದನ್ನು ರಾಜಸ್ಥಾನದ ರೈತರು ಕಂಡಿದ್ದಾರೆ. ಬೀಜವನ್ನು ಅರೆದು ಬಟ್ಟೆಗೆ ಹಾಕಿದರೂ ಪ್ರಯೋಜನವಿಲ್ಲ. ಧನ ಅಂಶ ಕೂಡಿಸುವುದು ಕಾರ್ಖಾನೆಯ ಕೆಲಸ. ತಯಾರಕರು ಅದನ್ನು ಮಾಡಲಿ, ಸೀಸೆಯ ಮೇಲೆ ಒಳಗಿರುವುದನ್ನೆಲ್ಲ ಕನ್ನಡದಲ್ಲಿ ಬರೆಯಲಿ ಎಂದು ಒತ್ತಾಯಿಸುವುದು ನಮ್ಮ ಕೆಲಸ.

ನಾವು ಮಾಡಬಹುದಾದದ್ದು

ಟವೆಲು ಮತ್ತು ಕೂಸಿನ ಬಟ್ಟೆಗೆ ಮೃದುಕಾರಕ ಬೇಡ. ಜಿಡ್ಡಿನ ಪದರ ನೀರು ಹೀರುವ ಗುಣವನ್ನೇ ಕುಗ್ಗಿಸುತ್ತದೆ. ಉಳಿದವಕ್ಕೂ ಹೇಳಿದ ಅಳತೆಗಿಂತ ಕಡಿಮೆ ಹಾಕಿ ನೋಡಿ. ಗಡಸು ನೀರಿನ ಬಿರುಸಿಗೆ ಕೊನೆಯ ಬಕೆಟಿನಲ್ಲಿ ಒಂದಿಷ್ಟು ವಿನಿಗರ್ ಸಾಕು. ಬ್ಲೀಚಿನೊಡನೆ ಮಾತ್ರ ಎಂದಿಗೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ. ಮೃದುಕಾರಕ ಹಾಕಿದ ನೀರನ್ನು ತರಕಾರಿ ಪಾತಿಗಾಗಲಿ ಕೆರೆಗಾಗಲಿ ಬಿಡಬೇಡಿ. ಪರಿಮಳ ಬೇಕೆ? ಒಣಗಿದ ಬಟ್ಟೆಗೆ ಕೊಡಿ. ಅಜ್ಜಿಯರು ಪೆಟ್ಟಿಗೆಯಲ್ಲಿ ಇಡುತ್ತಿದ್ದ ಲಾವಂಚದ ಬೇರು, ಒಣಗಿದ ದವನ ನೀರಿಗೆ ಏನನ್ನೂ ಬಿಡದೆ ತಿಂಗಳುಗಟ್ಟಲೆ ಪರಿಮಳ ಕೊಡುತ್ತಿದ್ದವು. ದವನವಂತೂ ನಮ್ಮ ಕರ್ನಾಟಕದ್ದೇ ಬೆಳೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಒಂದೇ ಹಳೆಯ ಹತ್ತಿಬಟ್ಟೆಯಿಂದ ಎರಡು ಪಟ್ಟಿ ಕತ್ತರಿಸಿ. ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಮೃದುಕಾರಕದ ನೀರಿನಲ್ಲಿ ಅದ್ದಿ ಒಣಗಿಸಿ. ಬಳಿಕ ಎರಡರ ತುದಿಯನ್ನೂ ಶಾಯಿ ಬೆರೆಸಿದ ನೀರಿಗೆ ಇಳಿಬಿಟ್ಟು, 10 ನಿಮಿಷದಲ್ಲಿ ಬಣ್ಣ ಎಷ್ಟು ಮೇಲೇರಿತೆಂದು ಅಳೆಯಿರಿ. ಐದು ಸಲ ಮಾಡಿ, ಬರೆದಿಡಿ. ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ. ನಿಮ್ಮ ಅಳತೆಯನ್ನು ಮನೆಯಲ್ಲಿ ತಾಯಂದಿರಿಗೆ ತೋರಿಸಿ. ಮನೆಯ ಬಚ್ಚಲಿನಿಂದ ಏನು ಹೊರಡಬೇಕೆಂಬ ತೀರ್ಮಾನ ಅಲ್ಲಿಂದ ಮೊದಲಾಗಲಿ.