ತಿರುವುಗಳ ದಾರಿಯಲ್ಲಿ ಅತಿಥಿಯ ಮನೆ



ಪರೀಕ್ಷೆಯ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: "ಮುಂದೆ ಏನು ಮಾಡುತ್ತಿ?" ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದು ಹಿರಿಯರ ಅಪೇಕ್ಷೆ. ಒಂದು ಕೋರ್ಸು ಬಿಟ್ಟು ಇನ್ನೊಂದಕ್ಕೆ ಸೇರಿದವನನ್ನು, ಎರಡು ಮೂರು ಕೆಲಸ ಬದಲಿಸಿದವಳನ್ನು ನಾವು 'ನೆಲೆ ನಿಲ್ಲದವರು' ಎಂದುಬಿಡುತ್ತೇವೆ. ಆದರೆ ನಮ್ಮ ಜಿಲ್ಲೆಗೆ ದೇಶದಲ್ಲೆಲ್ಲ ಹೆಸರು ತಂದ ಹೋಟೆಲು ಉದ್ಯಮವನ್ನು ಕಟ್ಟಿದವರಲ್ಲಿ ಹೆಚ್ಚಿನವರು ನೇರ ದಾರಿಯಲ್ಲಿ ಅಲ್ಲಿಗೆ ಬಂದವರಲ್ಲ. ಅವರ ದಾರಿಯ ತಿರುವುಗಳನ್ನು ಕುರಿತು ಇಂದು ಸ್ವಲ್ಪ ವಿಚಾರ ಮಾಡೋಣ.

ಮೂಡುಬಿದಿರೆಯ ಪಕ್ಕದ ಪುತ್ತಿಗೆ ನಿಮಗೆ ಗೊತ್ತು. ಚೌಟ ಅರಸರ ಆಡಳಿತ ನಡೆದ ಸ್ಥಳ. ಸೋಮನಾಥೇಶ್ವರನ ದೇವಸ್ಥಾನವಿರುವ ಊರು. ಇದೇ ಮೂಡುಬಿದಿರೆ ತಾಲೂಕಿನಲ್ಲಿ ಕಡಂದಲೆ ಎಂಬ ಗ್ರಾಮವಿದೆ. 1898ರಲ್ಲಿ ಅಲ್ಲಿನ ಒಂದು ಬಡ ಕುಟುಂಬದಲ್ಲಿ ಹುಟ್ಟಿದವರು ಕೆ. ಕೃಷ್ಣ ರಾಯರು. ಮುಂದೆ ಮದರಾಸಿನ 'ವುಡ್‌ಲ್ಯಾಂಡ್ಸ್' ಹೋಟೆಲುಗಳ ಸ್ಥಾಪಕರೆಂದು ಪ್ರಸಿದ್ಧರಾದವರು ಇವರೇ.

ಕೃಷ್ಣ ರಾಯರು ಮದರಾಸಿಗೆ ಹೋದದ್ದು ಹೋಟೆಲು ತೆರೆಯುವ ಯೋಜನೆ ಹಿಡಿದುಕೊಂಡಲ್ಲ. ಹೊಟ್ಟೆಪಾಡಿಗಾಗಿ ಹೋದರು. ಅಡುಗೆಮನೆಯ ಚಿಲ್ಲರೆ ಕೆಲಸ, ಹಿಟ್ಟು ರುಬ್ಬುವುದು, ಸಿಕ್ಕಿದ್ದನ್ನು ಮಾಡಿದರು. ಆಮೇಲೆ ಜಾರ್ಜ್ ಟೌನಿನ ಒಂದು ಬೀದಿಯಲ್ಲಿ ಸಣ್ಣ ಹೋಟೆಲು. ಅನಂತರ ಮೌಂಟ್ ರಸ್ತೆಯಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ. ಇಷ್ಟಾದ ಬಳಿಕ, 1938ರಲ್ಲಿ, ರಾಯಪೇಟೆಯಲ್ಲಿ ರಾಮನಾಡು ಅರಸುಮನೆತನಕ್ಕೆ ಸೇರಿದ್ದ 'ವುಡ್‌ಲ್ಯಾಂಡ್ಸ್' ಎಂಬ ದೊಡ್ಡ ಬಂಗಲೆಯನ್ನು ಗೇಣಿಗೆ ಪಡೆದು ಊಟದೊಂದಿಗೆ ವಸತಿಯನ್ನೂ ಕೊಡತೊಡಗಿದರು. ಬಂಗಲೆಯ ಹೆಸರೇ ಹೋಟೆಲಿನ ಹೆಸರಾಯಿತು. 1952ರಲ್ಲಿ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಕಾರಿನಲ್ಲೇ ಕುಳಿತು ತಿಂಡಿ ತಿನ್ನಬಹುದಾದ ಡ್ರೈವ್-ಇನ್ ಹೋಟೆಲು ಬಂತು. ಅದು 2008ರವರೆಗೆ ನಡೆಯಿತು.

ಇಲ್ಲಿ ಗಮನಿಸಬೇಕಾದದ್ದು ಏನು? ಊಟದ ಹೋಟೆಲಿನಿಂದ ವಸತಿಗೃಹಕ್ಕೆ ಬಂದದ್ದು ಒಂದು ದೊಡ್ಡ ತಿರುವು. ಊರಿನಿಂದ ಬಂದ ಗಿರಾಕಿಗೆ ಊಟವಾದ ಮೇಲೆ ಮಲಗಲು ಶುಚಿಯಾದ ಜಾಗವೂ ಬೇಕು ಎಂಬುದು ಬಡಿಸುವ ಕೈಗೆ ಮೊದಲು ಗೊತ್ತಾಗುವ ಸಂಗತಿ.

ಎರಡನೆಯ ಉದಾಹರಣೆ ಬೆಂಗಳೂರಿನದು. ಉಡುಪಿಯ ಉತ್ತರಕ್ಕೆ, ಕೋಟದ ಸಮೀಪ ಪಾರಂಪಳ್ಳಿ ಎಂಬ ಊರಿದೆ. ಅಲ್ಲಿಯ ಮೈಯ ಸಹೋದರರು ಬೆಂಗಳೂರಿಗೆ ಬಂದು ಮೊದಲು ಮಾಡಿದ್ದು ಉಳ್ಳವರ ಮನೆಗಳಲ್ಲಿ ಅಡುಗೆ ಕೆಲಸ. 1924ರಲ್ಲಿ ಅವರು ಲಾಲ್‌ಬಾಗಿನ ಬಳಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಸಣ್ಣ ಹೋಟೆಲು ತೆರೆದರು. ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮೈಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ, ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದರು. ತಮ್ಮಲ್ಲೂ ಅದೇ ಕ್ರಮವನ್ನು ತಂದು, ಗಿರಾಕಿಗಳು ಅಡುಗೆಮನೆಯನ್ನು ನೋಡುವಂತೆ ಮಾಡಿದರು. 1960ರಲ್ಲಿ ಅದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು.

ಕಷ್ಟ ಅಲ್ಲಿಗೂ ಬಂತು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೋಟೆಲು ತಿಂಡಿಗಳಿಗೆ ಸರಕಾರ ಕಡಿಮೆ ದರ ಗೊತ್ತುಮಾಡಿತು. ಆ ದರಕ್ಕೆ ಅದೇ ಗುಣಮಟ್ಟದ ತಿಂಡಿ ಕೊಟ್ಟರೆ ದಿನವೂ ನಷ್ಟ. ಗುಣಮಟ್ಟ ಇಳಿಸಲು ಒಪ್ಪದ ಅವರು ಹೋಟೆಲನ್ನು ಕೆಲಕಾಲ ಮುಚ್ಚಿ, ಅಡುಗೆಗೆ ಬೇಕಾದ ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಿದರು. ಈ ತಿರುವಿನಿಂದ ಬೆಳೆದ ಆಹಾರ ಪದಾರ್ಥಗಳ ಕಂಪೆನಿಯನ್ನು 2007ರಲ್ಲಿ ನಾರ್ವೆ ದೇಶದ ಒಂದು ಸಂಸ್ಥೆ ಕೊಂಡುಕೊಂಡಿತು. ಹೋಟೆಲು ಮಾತ್ರ ಕುಟುಂಬದವರಲ್ಲೇ ಉಳಿಯಿತು.

ಹಾಗಾದರೆ ಈ ಸುತ್ತುದಾರಿ ಏನನ್ನು ಕಲಿಸುತ್ತದೆ? ಒಂದೊಂದಾಗಿ ನೋಡೋಣ.

ರುಬ್ಬುವ ಕಲ್ಲಿನ ಮುಂದೆ ಕೂತವನು ಅಂದಾಜು ಕಲಿಯುತ್ತಾನೆ. ಇಡ್ಲಿಯ ಹಿಟ್ಟು ಹುಳಿ ಬರಲು ಒಂದು ರಾತ್ರಿ ಬೇಕು. ನಾಳೆ ಬೆಳಿಗ್ಗೆ ಎಷ್ಟು ಜನ ಬರುತ್ತಾರೆ ಎಂಬುದನ್ನು ಇವತ್ತು ಮಧ್ಯಾಹ್ನ ಅಕ್ಕಿ, ಉದ್ದು ನೆನೆಹಾಕುವಾಗಲೇ ತೀರ್ಮಾನಿಸಬೇಕು. ಹೆಚ್ಚಾದರೆ ಹಿಟ್ಟು ಹಾಳು, ಕಡಿಮೆಯಾದರೆ ಗಿರಾಕಿ ಪಕ್ಕದ ಹೋಟೆಲಿಗೆ.

ತಟ್ಟೆ ತೊಳೆಯುವವನು ಗಿರಾಕಿಯ ಅಭಿಪ್ರಾಯ ಓದಲು ಕಲಿಯುತ್ತಾನೆ. ಬಾಯಲ್ಲಿ "ಚೆನ್ನಾಗಿದೆ" ಎಂದವರೂ ಪಲ್ಯವನ್ನು ತಟ್ಟೆಯಲ್ಲೇ ಬಿಟ್ಟು ಹೋಗಿರುತ್ತಾರೆ. ತಟ್ಟೆ ಸುಳ್ಳು ಹೇಳುವುದಿಲ್ಲ. ಬಡಿಸುವವನು ಮುಖ ಗುರುತಿಸಲು ಕಲಿಯುತ್ತಾನೆ: ಯಾರಿಗೆ ಬಸ್ಸಿನ ಅವಸರ, ಯಾರಿಗೆ ಖಾರ ಆಗದು, ಯಾರು ಕೇಳಲು ಸಂಕೋಚಪಡುತ್ತಾರೆ. ಗಲ್ಲಾದಲ್ಲಿ ಕೂತವನು ಬಂದ ಹಣಕ್ಕೂ ಉಳಿದ ಹಣಕ್ಕೂ ಇರುವ ವ್ಯತ್ಯಾಸವನ್ನು ಕಲಿಯುತ್ತಾನೆ. ಸಂಜೆ ಗಲ್ಲಾ ತುಂಬಿದ್ದರೂ ಅದರಲ್ಲಿ ದಿನಸಿಯವನದು, ಹಾಲಿನವನದು, ಸೌದೆಯವನದು, ಕೆಲಸದವರದು ಎಲ್ಲ ಸೇರಿರುತ್ತದೆ.

ವಸತಿಗೃಹದ ಲೆಕ್ಕ ಇನ್ನೂ ಕಠಿಣ. ಹತ್ತು ಕೋಣೆಗಳಿವೆ, ಒಂದಕ್ಕೆ ದಿನಕ್ಕೆ 1,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಇವತ್ತು ನಾಲ್ಕು ಖಾಲಿ ಉಳಿದರೆ 4,000 ರೂಪಾಯಿ ಹೋಯಿತು. ಅಂಗಡಿಯಲ್ಲಿ ಮಾರದೆ ಉಳಿದ ಸಾಬೂನನ್ನು ನಾಳೆ ಮಾರಬಹುದು; ಇವತ್ತಿನ ರಾತ್ರಿಯನ್ನು ನಾಳೆ ಮಾರಲಾಗದು. ಕೋಣೆ ಖಾಲಿಯಿದ್ದರೂ ಸಂಬಳ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದಲೇ ಈ ವ್ಯವಹಾರದಲ್ಲಿ ಮತ್ತೆ ಬರುವ ಅತಿಥಿಗೆ ಅಷ್ಟು ಬೆಲೆ.

ಬೇರೆ ಕೆಲಸಗಳೂ ಇಲ್ಲಿ ವ್ಯರ್ಥವಾಗುವುದಿಲ್ಲ. ಬ್ಯಾಂಕಿನಲ್ಲಿದ್ದವನಿಗೆ ಲೆಕ್ಕ ಬರುತ್ತದೆ, ಶಿಕ್ಷಕಿಯಾಗಿದ್ದವಳಿಗೆ ಮಾತು ಮತ್ತು ತಾಳ್ಮೆ ಬರುತ್ತದೆ, ಕೃಷಿಕನಿಗೆ ತರಕಾರಿಯ ಕಾಲವೂ ಬೆಲೆಯೂ ಗೊತ್ತಿರುತ್ತದೆ. ಆದರೆ ಒಂದು ಷರತ್ತು. ಮಾಡುವ ಕೆಲಸವನ್ನು ಕಣ್ಣುಬಿಟ್ಟು ನೋಡಿರಬೇಕು. ಬೇಸರದಿಂದ ಹತ್ತು ಕೆಲಸ ಬಿಟ್ಟವನಿಗೆ ಹತ್ತು ಬೇಸರಗಳೇ ಉಳಿಯುತ್ತವೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ನಮ್ಮ ಜಿಲ್ಲೆಯಿಂದ ಮುಂಬಯಿ, ಮದರಾಸು, ಬೆಂಗಳೂರಿಗೆ ಹೋದ ಹುಡುಗರು ಅಸಂಖ್ಯ. ಬಡತನ ಅವರನ್ನು ಕಳುಹಿಸಿತು. ಅವರಲ್ಲಿ ಕೆಲವರು ಮಾತ್ರ ಯಜಮಾನರಾದರು. ಉಳಿದವರು ಜೀವಮಾನವಿಡೀ ಬೇರೆಯವರ ತಟ್ಟೆ ತೊಳೆದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. "ಕಷ್ಟಪಟ್ಟದ್ದರಿಂದಲೇ ದೊಡ್ಡವರಾದರು" ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಕಷ್ಟ ಎಲ್ಲರಿಗೂ ಇತ್ತು, ಅವಕಾಶ ಎಲ್ಲರಿಗೂ ಇರಲಿಲ್ಲ.

ಆ ಹುಡುಗರಿಗೂ ಇದು ತಿಳಿದಿತ್ತು. ಮುಂಬಯಿಯಲ್ಲಿ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಅಲ್ಲಿ ಪಾಠ ಕಲಿತರು. ತೂಕಡಿಕೆಯನ್ನು ತಡೆದುಕೊಂಡು ಅವರು ಪಡೆದ ವಿದ್ಯೆ ನಿಮಗೆ ಹಗಲಿನಲ್ಲೇ ಸಿಗುತ್ತಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಆದ್ದರಿಂದ ಶಾಲೆ ಬಿಟ್ಟು ಓಡುವುದನ್ನು ಯಾರೂ ಸಾಹಸವೆಂದು ತಿಳಿಯಬಾರದು. ಓದು ಮುಗಿಸಿ, ಆಮೇಲೆ ದಾರಿ ತಿರುಗಿದರೆ ಹೆದರಬೇಡಿ.

ಕೊನೆಗೆ ನಿಮಗೊಂದು ಕೆಲಸ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿಯಿದೆ. ಬಂಟ್ವಾಳದಲ್ಲಿ ಕಾರಿಂಜದ ಬೆಟ್ಟ, ಬೆಳ್ತಂಗಡಿಯಲ್ಲಿ ಗಡಾಯಿಕಲ್ಲು, ಧರ್ಮಸ್ಥಳ ಇವೆ. ಇವುಗಳನ್ನು ನೋಡಲು ಬಂದ ನಾಲ್ಕು ಮಂದಿಯನ್ನು ಒಂದು ಭಾನುವಾರ ಮಾತನಾಡಿಸಿ. ರಾತ್ರಿ ಎಲ್ಲಿ ತಂಗುತ್ತೀರಿ, ಏನು ಊಟ ಮಾಡಿದಿರಿ, ಯಾವುದರ ಕೊರತೆಯಾಯಿತು ಎಂದು ಕೇಳಿ ಬರೆದುಕೊಳ್ಳಿ. ಹಾಗೆಯೇ ನಿಮ್ಮೂರಿನ ಬಸ್‌ಸ್ಟ್ಯಾಂಡಿನ ಹೋಟೆಲಿನ ಯಜಮಾನರನ್ನು, ಗಿರಾಕಿ ಕಡಿಮೆಯಿರುವ ಹೊತ್ತು ನೋಡಿ, "ಇದಕ್ಕೆ ಮೊದಲು ಏನು ಕೆಲಸ ಮಾಡುತ್ತಿದ್ದಿರಿ?" ಎಂದು ಕೇಳಿ. ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ, ಕುಳಿತು ಕೇಳುವಷ್ಟು ಪುರುಸೊತ್ತು ಮಾಡಿಕೊಂಡು ಹೋಗಿ.