ಏಕಸ್ವಾಮ್ಯಕ್ಕೆ ಮದ್ದು ಯಾವುದು?



ತಪ್ಪು ಯಾರದೆಂದು ಹೇಳಿದರೆ ನ್ಯಾಯಾಲಯದ ಅರ್ಧ ಕೆಲಸವಷ್ಟೇ ಮುಗಿಯುತ್ತದೆ. ಅದನ್ನು ಸರಿಪಡಿಸುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ. ಮೈಕ್ರೋಸಾಫ್ಟ್ ಮೊಕದ್ದಮೆಯನ್ನು ಓದಿದರೆ ಇದು ಅರ್ಥವಾಗುತ್ತದೆ.

1998ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮತ್ತು ಹಲವು ರಾಜ್ಯಗಳು ಈ ಕಂಪನಿಯ ವಿರುದ್ಧ ದಾವೆ ಹೂಡಿದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ವಿಂಡೋಸ್‌ಗೆ ಕಟ್ಟಿಕೊಟ್ಟು, ಪ್ರತಿಸ್ಪರ್ಧಿ ನೆಟ್‌ಸ್ಕೇಪ್‌ನ ದಾರಿ ಮುಚ್ಚಿತು ಎಂಬುದು ಮುಖ್ಯ ಆರೋಪ.

ಮೊದಲು ಸೂಚಿಸಿದ ಮದ್ದು ಕಂಪನಿಯನ್ನು ಒಡೆಯುವುದು. ವಿಂಡೋಸ್‌ಗೆ ಒಂದು, ಉಳಿದ ತಂತ್ರಾಂಶಗಳಿಗೆ ಒಂದು, ಹೀಗೆ ಎರಡು ಕಂಪನಿಗಳಾಗಬೇಕೆಂದು ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದ ಜೂನ್‌ನಲ್ಲಿ ಆದೇಶಿಸಿದರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯವು ಕಂಪನಿ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿತೆಂಬುದನ್ನು ಒಪ್ಪಿತು; ಒಡೆಯುವ ಆದೇಶವನ್ನು ಮಾತ್ರ ರದ್ದುಪಡಿಸಿತು.

ಎರಡನೆಯದು, ಬಿಡಿಸಿ ಮಾರಿಸುವುದು. 2004ರಲ್ಲಿ ಯುರೋಪಿಯನ್ ಕಮಿಷನ್ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕೆಂದಿತು. ಕಂಪನಿ ಮಾರಿತು, ಆದರೆ ಅದೇ ಬೆಲೆಗೆ! ಸಾಮಾನು ಕಡಿಮೆ, ಹಣ ಅಷ್ಟೇ ಎಂದರೆ ಯಾರು ಕೊಳ್ಳುತ್ತಾರೆ?

ಮೂರನೆಯದು, ಮುಚ್ಚಿಟ್ಟ ಮಾಹಿತಿಯನ್ನು ಬಿಚ್ಚಿಡಿಸುವುದು. ಇತರರ ಸರ್ವರ್‌ಗಳು ವಿಂಡೋಸ್ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ವಿವರ ಕೊಡಬೇಕೆಂದೂ ಅದೇ ಆದೇಶ ಹೇಳಿತ್ತು. ಸಾಂಬಾ ಎಂಬ ಮುಕ್ತ ತಂತ್ರಾಂಶದ ತಂಡ ಅಲ್ಲಿಯವರೆಗೆ ಆ ವಿವರಗಳನ್ನು ತಾನೇ ಪರೀಕ್ಷಿಸಿ ಊಹಿಸಬೇಕಾಗಿತ್ತು. 2007ರ ಡಿಸೆಂಬರ್‌ನಲ್ಲಿ 10,000 ಯೂರೋ ಶುಲ್ಕಕ್ಕೆ ಆ ದಾಖಲೆಗಳು ದೊರೆತವು.

ನನ್ನ ಅಭಿಪ್ರಾಯದಲ್ಲಿ ಈ ಮೂರನೆಯದೇ ಹೆಚ್ಚು ಫಲ ಕೊಟ್ಟ ಮದ್ದು. ಶ್ರೀಮಂತ ಕಂಪನಿ ದಂಡ ಕಟ್ಟಿ ಮುಂದೆ ಹೋಗುತ್ತದೆ. ಬಾಗಿಲು ತೆರೆದರೆ ಮಾತ್ರ ಹೊಸಬರು ಒಳಗೆ ಬರಲು ಸಾಧ್ಯ. ಆದರೆ ಬಾಗಿಲು ಬೇಗ ತೆರೆಯಬೇಕು. ನೆಟ್‌ಸ್ಕೇಪ್ ಮತ್ತೆ ತಲೆ ಎತ್ತಲಿಲ್ಲ. 2008ರಲ್ಲಿ ಅದರ ಬ್ರೌಸರ್‌ಗೆ ಬೆಂಬಲವೇ ನಿಂತುಹೋಯಿತು. ಮದ್ದು ತಡವಾದರೆ ರೋಗಿ ಉಳಿಯುವುದಿಲ್ಲ.

ವಿದ್ಯಾರ್ಥಿಗಳೇ, 2002ರಲ್ಲಿ ಅಮೆರಿಕದ ನ್ಯಾಯಾಲಯ ಅಂಗೀಕರಿಸಿದ ರಾಜಿಯ ಜಾರಿಗೆ ನೆರವಾಗಲು ಮೂವರು ತಂತ್ರಾಂಶ ತಜ್ಞರ ಸಮಿತಿ ಬೇಕಾಯಿತು. ಕಾನೂನು ಓದುವವರು ಕಂಪ್ಯೂಟರ್ ತಿಳಿಯಿರಿ, ಕಂಪ್ಯೂಟರ್ ಓದುವವರು ಕಾನೂನು ತಿಳಿಯಿರಿ. ನಾಳೆ ಇಂಥ ಬಾಗಿಲುಗಳನ್ನು ತೆರೆಯಿಸುವವರಲ್ಲಿ ನೀವೂ ಇರಬೇಕು ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.